ಕಟ್ಟೆಯವರೆಗಿನ ವಿಳಾಸ

ಆ ಎಮ್ಮೆಯ ವಿಷಯವನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದರಲ್ಲಿ ನನ್ನ ಪಾಲು ಚೂರುಚೂರೇ ಕಡಿಮೆಯಾಗುತ್ತ ಬಂದಿದೆ. ಅದಕ್ಕೇ ಈ ಸಲ ನೆನಪನ್ನು ಪಕ್ಕಕ್ಕಿಟ್ಟು, ಆ ದಿನದ ಕಡತವನ್ನು ತೆರೆದುಕೊಂಡು ಬರೆಯುತ್ತಿದ್ದೇನೆ. ನನ್ನ ಪ್ರೋಗ್ರಾಮು ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಗುರುತು ಹಾಕಿಡುವ ಕಡತ ಅದು. ಅದಕ್ಕೆ ನಾಚಿಕೆಯಿಲ್ಲ, ಹಾಗಾಗಿ ಸುಳ್ಳೂ ಇಲ್ಲ.

ಅಫಜಲಪುರದಲ್ಲಿ ನಾನು ಕಂಪ್ಯೂಟರ್ ಕ್ಲಾಸು ನಡೆಸುವ ಕಟ್ಟಡದ ಮಹಡಿಯ ಮೇಲೆ ಒಬ್ಬ ದನದ ಡಾಕ್ಟರು ಇದ್ದಾರೆ. ಆಳಂದದ ಕಡೆಯವರೂ ಜೇವರ್ಗಿಯ ಕಡೆಯವರೂ ಅವರನ್ನೇ ಕರೆಯುತ್ತಾರೆ. ಬೈಕಿನ ಮೇಲಿದ್ದಾಗ, ಅಥವಾ ಮೊಳಕೈಯವರೆಗೆ ಕೈ ಆಕಳಿನೊಳಗಿದ್ದಾಗ ಫೋನ್ ಎತ್ತುವುದು ಹೇಗೆ? ‘ಫೋನ್ ಮಾಡಬ್ಯಾಡ್ರಿ, ಲೊಕೇಶನ್ ಹಾಕ್ರಿ’ ಎಂದು ಬಾಗಿಲಿಗೆ ಬರೆದು ಅಂಟಿಸಿದ್ದರು. ಬಂದ ಲೊಕೇಶನ್‌ಗಳನ್ನು ದಾರಿಯ ಪ್ರಕಾರ ಜೋಡಿಸಿಕೊಡುವ ಪ್ರೋಗ್ರಾಮನ್ನು ನಾನು ಬರೆದುಕೊಟ್ಟಿದ್ದೆ.

ಜನ ಕಳಿಸುವುದು ಒಂದು ಚಿಕ್ಕ ಲಿಂಕು. ಅದರಲ್ಲಿ ಊರೂ ಇಲ್ಲ, ಹೊಲವೂ ಇಲ್ಲ. ಅದನ್ನು ಕೇಳಿದರೆ ‘ಅಲ್ಲಿಗೆ ಹೋಗು’ ಎಂದು ಇನ್ನೊಂದು ವಿಳಾಸ ಕೊಡುತ್ತದೆ. ಅದು ಮತ್ತೊಂದನ್ನು ತೋರಿಸುತ್ತದೆ. ಮುಂದೆ ಎಲ್ಲಿಗೂ ಕಳಿಸದ ವಿಳಾಸ ಸಿಕ್ಕರೆ ಅದೇ ಕೊನೆಯದು. ಆ ಉದ್ದನೆಯ ವಿಳಾಸದ ನಡುವೆ ಅಕ್ಷಾಂಶ, ರೇಖಾಂಶ ಎಂಬ ಎರಡು ಸಂಖ್ಯೆಗಳಿರುತ್ತವೆ. ನನ್ನ ಪ್ರೋಗ್ರಾಮು ಅಲ್ಲಿಯವರೆಗೆ ನಡೆದುಹೋಗಿ ಅವೆರಡನ್ನು ಎತ್ತಿಕೊಂಡು ಬರುತ್ತಿತ್ತು.

ಒಂದು ತೊಂದರೆ ಮಾತ್ರ ಇತ್ತು. ಆಕಳು ಹುಷಾರಿಲ್ಲದೆ ಮಲಗಿದರೆ ಮನೆಯವರೆಲ್ಲ ಲೊಕೇಶನ್ ಕಳಿಸುತ್ತಾರೆ. ಮಾವ ಒಂದು ಫೋನಿನಿಂದ, ಅಳಿಯ ಇನ್ನೊಂದರಿಂದ. ಲಿಂಕು ಬೇರೆ ಬೇರೆ, ಜಾಗ ಒಂದೇ. ಡಾಕ್ಟರು ಒಂದೇ ಆಕಳಿಗೆ ಎರಡು ಸಲ ಹೋಗಿಬಂದದ್ದೂ ಉಂಟು. ಅದಕ್ಕೆ ನಾನು ಕೊನೆಯ ವಿಳಾಸಗಳನ್ನು ಹೋಲಿಸಿ, ಒಂದೇ ದಿನ ಅದೇ ಜಾಗದಿಂದ ಮತ್ತೆ ಬಂದದ್ದನ್ನು ಪಟ್ಟಿಯಿಂದ ಬಿಟ್ಟುಬಿಡುವ ಒಂದು ಸಾಲು ಸೇರಿಸಿದೆ. ಒಂದೇ ಜಾಗದಲ್ಲಿ ನಿಂತರೂ ಸಂಖ್ಯೆಯ ಬಾಲ ಅಷ್ಟಿಷ್ಟು ಬದಲಾಗುತ್ತದೆಂದು ಕೊನೆಯ ಅಂಕಿಗಳನ್ನು ಕತ್ತರಿಸಿದೆ. ಆ ಸಾಲಿನ ಬಗ್ಗೆ ನನಗೆ ಹೆಮ್ಮೆಯಿತ್ತು. ಕ್ಲಾಸಿನಲ್ಲಿ ಹುಡುಗರಿಗೆ ಅದನ್ನೇ ಉದಾಹರಣೆಯಾಗಿ ಕಲಿಸಿದ್ದೆ.

ಆ ದಿನ ಬೆಳಿಗ್ಗೆ ಡಾಕ್ಟರು ಗೊಬ್ಬೂರದ ಆಚೆಯ ಒಂದು ಹಳ್ಳಿಯಲ್ಲಿ ಎತ್ತಿನ ಮುರಿದ ಕೋಡಿಗೆ ಔಷಧಿ ಹಚ್ಚಿ ಬಂದರು. ಮಧ್ಯಾಹ್ನ ಪಟ್ಟಿ ಖಾಲಿ. ಕೆಳಗೆ ಬಂದು ನನ್ನ ಜತೆ ಚಹಾ ಕುಡಿದರು. ಎರಡು ಸಲ ಕುಡಿದೆವೆಂದು ನೆನಪು. ತಪ್ಪಿನ ಭಾರ ಹೆಚ್ಚಿಸಿಕೊಳ್ಳಲು ಎರಡನೆಯದನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ ಏನೋ. ಮೂರು ಗಂಟೆಯ ಸುಮಾರಿಗೆ ಅವರ ಫೋನ್ ಬಡಿದುಕೊಂಡಿತು. ಒಬ್ಬ ಮುದುಕನ ದನಿ.

“ಡಾಕ್ಟರ್ ಸಾಹೇಬ್ರ, ಎಮ್ಮಿ ಈಯಾಕತ್ತದ, ಕರು ಸಿಗಬಿದ್ದದ. ಎಮ್ಮಿಯಾಕಿ ಯಾವಾಗಿಂದ ಲೊಕೇಶನ್ ಹಾಕಾಕತ್ತಾಳ. ಎಲ್ಲಿ ಕುಂತೀರಿ?”

ಅಷ್ಟರಲ್ಲಿ ಫೋನು ಕಟ್ಟಾಯಿತು.

“ಮಾಸ್ತರ, ಲೊಕೇಶನ್ ಯಾವುದಾದ್ರೂ ಬಂದದೇನು ನೋಡ್ರಿ,” ಎಂದರು ಡಾಕ್ಟರು.

ಪಟ್ಟಿಯಲ್ಲಿ ಏನೂ ಇರಲಿಲ್ಲ. ಕಡತ ತೆರೆದೆ. ಹನ್ನೆರಡೂ ಹತ್ತಕ್ಕೆ ಒಂದು, ಒಂದು ಗಂಟೆಗೆ ಒಂದು, ಎರಡು ಗಂಟೆಗೆ ಒಂದು. ಈ ಮೂರೂ ಲಿಂಕುಗಳ ಕೊನೆಯ ವಿಳಾಸ ಬೆಳಗಿನ ಎತ್ತಿನದೇ. ಮೂರೂ ಲಿಂಕುಗಳ ಮುಂದೆ ನನ್ನದೇ ಪದ: ‘ಪುನರಾವರ್ತನೆ, ಬಿಡಲಾಗಿದೆ.’

ಡಾಕ್ಟರಿಗೆ ಏನು ಹೇಳಿದೆ? ‘ನನ್ನಿಂದ ತಪ್ಪಾತು’ ಅಂದೆನೆಂದು ಬಹಳ ದಿನ ನಂಬಿದ್ದೆ. ಅವರು ಹೇಳುವ ಪ್ರಕಾರ ನಾನು ಅಂದದ್ದು ‘ಅದೇ ಊರು, ನಡೀರಿ’ ಎಂದಷ್ಟೇ. ಅವರ ಬೈಕಿನ ಹಿಂದೆ ಕುಳಿತೆ.

ದಾರಿಯುದ್ದಕ್ಕೂ ಆ ಎರಡು ಸಂಖ್ಯೆಗಳು ನನ್ನ ಫೋನಿನಲ್ಲಿ ಹತ್ತಿರವಾಗುತ್ತಿದ್ದವು. ರಸ್ತೆಯ ಎರಡೂ ಬದಿಗೆ ತೊಗರಿ. ತಗ್ಗು ಬಂದಾಗಲೆಲ್ಲ ಡಾಕ್ಟರು ನಿಧಾನ ಮಾಡುತ್ತಿದ್ದರು, ನಿಧಾನವಾದಾಗಲೆಲ್ಲ ನಾನು ಗಂಟೆ ನೋಡಿಕೊಳ್ಳುತ್ತಿದ್ದೆ. ‘ನೀವು ತಲುಪಿದ್ದೀರಿ’ ಎಂದು ಫೋನ್ ಹೇಳಿದ ಜಾಗದಲ್ಲಿ ಹಣಮಪ್ಪನ ಗುಡಿ, ಬೇವಿನ ಗಿಡ, ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಮೂವರು ಕುಳಿತು ಫೋನ್ ಒತ್ತುತ್ತಿದ್ದರು. ಎಮ್ಮೆ ಇರಲಿಲ್ಲ.

“ಎಮ್ಮಿ ಎಲ್ಲಿ?” ಎಂದೆ.

“ಯಾರ ಎಮ್ಮಿರಿ?”

“ಇಲ್ಲಿಂದ ಲೊಕೇಶನ್ ಬಂದದಲ್ಲ!”

ಒಬ್ಬ ನಕ್ಕ. “ಎಲ್ಲಾರ್ದೂ ಇಲ್ಲಿಂದೇ ಬರ್ತದ್ರಿ. ಊರಾಗ ಟಾವರ್ ಸಿಗೂದು ಈ ಕಟ್ಟಿಮ್ಯಾಗ ಅಷ್ಟೇ. ಫೋನ್ ನಂಬಿದ್ರ ನಮ್ಮೂರ ಮಂದಿ, ದನ, ಕ್ವಾಣ ಎಲ್ಲಾ ಇದ ಕಟ್ಟಿಮ್ಯಾಗ ಸಂಸಾರ ಮಾಡಾಕತ್ತಾವ ನೋಡ್ರಿ!”

“ಅದು ನನಗ ಗೊತ್ತದ ಮಾಸ್ತರ,” ಎಂದರು ಡಾಕ್ಟರು, ಬೈಕು ತಿರುಗಿಸುತ್ತಲೇ. “ನಾ ಬಂದಾಗೊಮ್ಮೆ ಯಾರಾದ್ರೂ ಇಲ್ಲಿ ನಿಂತು ಕರಕೊಂಡು ಹೋಗ್ತಾರ. ನಿಮಗ ಹೇಳಬೇಕಂತ ಹೊಳೀಲಿಲ್ಲ.”

ಫೋನ್ ಮಾಡಿದ ಮುದುಕ ಗುಡಿಯ ಹಿಂದಿನಿಂದ ಬಂದ. “ಲೇ, ನಗಬ್ಯಾಡ್ರಲೇ! ಹಳ್ಳದ ದಂಡಿಗೆ ಹೋಗ್ರಿ ಸಾಹೇಬ್ರ, ಆಕಿ ಒಬ್ಬಾಕಿನ ಇದ್ದಾಳ. ಗಂಡ ಕಬ್ಬು ಕಡಿಯಾಕ ಹೋಗ್ಯಾನ.”

ಹಳ್ಳದ ದಂಡೆಗೆ ಸುಮಾರು ಒಂದು ಮೈಲಿ ದೂರ. ನನ್ನ ಫೋನಿನಲ್ಲಿ ಸಿಗ್ನಲ್ ಕಟ್ಟೆ ದಾಟುತ್ತಲೇ ಸತ್ತಿತ್ತು. ಎಮ್ಮೆ ಒಂದು ಮಗ್ಗುಲಾಗಿ ಬಿದ್ದಿತ್ತು, ಕರುವಿನ ಒಂದು ಕಾಲು ಹೊರಗೆ. ಎಮ್ಮೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಹೆಂಗಸಿಗೆ ನನ್ನ ಅಕ್ಕನ ವಯಸ್ಸು. ಡಾಕ್ಟರು ಅಂಗಿ ಕಳಚಿ ಕೈಗೆ ಎಣ್ಣೆ ಹಚ್ಚಿಕೊಂಡರು. ನಾನು ಹಗ್ಗ ಹಿಡಿದೆ. ಎಷ್ಟು ಹೊತ್ತು ಎಂಬುದು ಕಡತದಲ್ಲಿಲ್ಲ, ನನ್ನ ಬಳಿಯೂ ಇಲ್ಲ. ಎಮ್ಮೆ ನರಳುವುದನ್ನು ನಿಲ್ಲಿಸಿದಾಗಲೆಲ್ಲ ಸತ್ತಿತೆಂದುಕೊಂಡೆ.

ಕರು ಸತ್ತು ಹುಟ್ಟಿತು. ಹೆಣ್ಣುಗರು.

ಡಾಕ್ಟರು ಎಮ್ಮೆಗೆ ಇಂಜೆಕ್ಷನ್ ಕೊಟ್ಟು, ಕಣ್ಣಿನ ರೆಪ್ಪೆ ಎತ್ತಿ ನೋಡಿ, “ಇದು ಉಳೀತದವ್ವ, ನೀರು ಕುಡಸು,” ಎಂದರು.

“ಮೊದಲ ಬಂದಿದ್ರ ಕರುನೂ ಉಳೀತಿತ್ತೇನ್ರಿ?”

“ಹೇಳಾಕ ಬರಂಗಿಲ್ಲ.”

ಅವಳು ಕೊಡ ಎತ್ತಿಕೊಂಡವಳು ಅಲ್ಲೇ ನಿಂತಳು. “ಇದನ್ನ ಹಿಂಗ ಬಿಟ್ಟು ಮೂರು ಸಲ ಗುಡಿ ಕಟ್ಟಿತನಕ ಓಡಿದೆ. ಒಮ್ಮೆನೂ ಮುಟ್ಟಲಿಲ್ಲೇನ್ರಿ?”

ಡಾಕ್ಟರು ಕೈ ತೊಳೆಯುತ್ತಿದ್ದರು. ಟಾವರ್ ಇರಲಿಲ್ಲ ಎಂದು ನಾನು ಹೇಳಬಹುದಿತ್ತು. ಇಡೀ ಊರು ಅದನ್ನು ನಂಬುತ್ತಿತ್ತು. ಆ ಮಾತು ನಾಲಗೆಯವರೆಗೆ ಬಂದಿತ್ತು. ಇದನ್ನು ಯಾರಿಗೂ ಇದುವರೆಗೆ ಹೇಳಿಲ್ಲ.

“ಮೂರೂ ಮುಟ್ಟ್ಯಾವ್ರಿ ಅಕ್ಕಾ,” ಎಂದೆ.

“ಮತ್ತ?”

ಅವಳು ಕೊಡವನ್ನು ಕೆಳಗಿಟ್ಟಳು. ಬೆಳಗಿನ ಎತ್ತಿನಿಂದ ಶುರುಮಾಡಿ ಹೇಳತೊಡಗಿದೆ.