ಪಟದ ಗಾಜಿನಲ್ಲಿ ಕಂಡ ಅಕ್ಕ

ಗುರುಬಂಧುಗಳೇ, ಹೋದ ಶ್ರಾವಣದ ಒಂದು ಗುರುವಾರ ನನ್ನ ತಪ್ಪಿನಿಂದ ಅಕ್ಕನನ್ನು ಕಳೆದುಕೊಳ್ಳುವವಳಿದ್ದೆ. ದತ್ತ ಮಹಾರಾಜರು ಅವಳನ್ನು ಉಳಿಸಿಕೊಟ್ಟ ಬಗೆಯನ್ನು ನಿಮಗೆ ಹೇಳಿದರೇ ನನಗೆ ಸಮಾಧಾನ.

ಅಕ್ಕನ ಮನೆ ಗಾಣಗಾಪುರದಲ್ಲಿ. ಭಾವನವರದು ಗುಡಿಯ ಹತ್ತಿರ ಪೂಜಾ ಸಾಮಾನಿನ ಅಂಗಡಿ. ನಾನಿರುವುದು ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ, ಯಜಮಾನರ ರೈಲ್ವೆ ನೌಕರಿಯ ದೆಸೆಯಿಂದ. ಗುರುವಾರ ಅಕ್ಕ ತಂಗಿ ಕೂಡಿಯೇ ಆರತಿ ಬೆಳಗಬೇಕು, ಅಲ್ಲಿಯವರೆಗೆ ಬಾಯಿಗೆ ಏನೂ ಹಾಕಬಾರದು. ಇದು ನಮ್ಮವ್ವ ಹಾಕಿಕೊಟ್ಟ ರೂಢಿ. ಮದುವೆಯಾದ ಮೇಲೆ ತಪ್ಪಿಹೋಗಿದ್ದ ಆ ರೂಢಿ ವಿಡಿಯೋ ಕಾಲ್ ಬಂದ ಮೇಲೆ ಮತ್ತೆ ಶುರುವಾಯಿತು. ಹನ್ನೊಂದಕ್ಕೆ ಸರಿಯಾಗಿ ಅಕ್ಕ ಫೋನನ್ನು ಹಿತ್ತಾಳೆ ತಂಬಿಗೆಗೆ ಆನಿಸಿ, ಕ್ಯಾಮೆರಾವನ್ನು ದತ್ತನ ಪಟದ ಕಡೆಗೆ ತಿರುಗಿಸಿ ಇಡುವಳು. ನನಗೆ ಕಾಣುವುದು ಪಟ, ದೀಪ, ಸಕ್ಕರೆಯ ಬಟ್ಟಲು, ಇಷ್ಟೇ.

“ನಿನ್ನ ಮಾರಿ ತೋರಿಸಕ್ಕಾ” ಎಂದರೆ, “ಈ ಮಾರಿ ಇಷ್ಟು ವರ್ಷ ನೋಡಿ ಸಾಕಾಗಿಲ್ಲೇನು? ದೇವರನ್ನ ನೋಡು” ಎನ್ನುವಳು.

ಆ ಗುರುವಾರ ನಾನು ಬೇಗಂ ಬಜಾರಿಗೆ ಹೋಗಿ ಸ್ಟೀಲ್ ಡಬ್ಬಿಗಳ ಚೌಕಾಸಿಯಲ್ಲಿ ಹೊತ್ತು ಮರೆತೆ. ಮನೆ ಮುಟ್ಟಿದಾಗ ಹನ್ನೆರಡು ದಾಟಿತ್ತು. ಅಕ್ಕನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆಯೇ ಗುಳಿಗೆ ನುಂಗಿ, ನನ್ನ ದಾರಿ ಕಾಯುತ್ತ ಉಪವಾಸ ಕುಳಿತಿದ್ದಳು.

ಫೋನ್ ಹಚ್ಚಿದೊಡನೆ “ಬಂದ್ಯೇನವಾ ಮಹಾರಾಣಿ?” ಎಂದಳು. ದನಿ ಸೋತಿತ್ತು. ಡಬ್ಬಿ ಕೊಳ್ಳಲು ಹೋಗಿದ್ದೆ ಎಂದೆ. ಆರತಿ ಹಾಡಲು ಶುರುಮಾಡಿದೆವು. ಎರಡನೆಯ ಸಾಲಿಗೆ ಅವಳ ದನಿ ನಿಂತಿತು, ತಟ್ಟೆ ಬಿದ್ದ ಸಪ್ಪಳವಾಯಿತು. ಅಕ್ಕಾ, ಅಕ್ಕಾ ಎಂದು ಕೂಗಿದೆ. ಪರದೆಯ ತುಂಬ ಅದೇ ಪಟ, ಅದೇ ದೀಪ. ಆಗ ಪಟದ ಗಾಜಿನಲ್ಲಿ, ದೇವರ ಪಾದದ ಹತ್ತಿರ, ಅಕ್ಕನ ಹಸಿರು ಸೀರೆ ಕಂಡಿತು. ನೆಲಕ್ಕೆ ಉರುಳಿದ್ದಳು. ಕ್ಯಾಮೆರಾ ಅವಳ ಮುಖದ ಕಡೆ ಇದ್ದಿದ್ದರೆ ನನಗೆ ಬರೀ ಗೋಡೆ ಕಾಣುತ್ತಿತ್ತು.

ಭಾವನವರಿಗೆ ಫೋನ್ ಹಚ್ಚಬೇಕೆಂದರೆ ಈ ಕರೆ ಕಡಿಯಬೇಕು. ಗುಡಿಯಲ್ಲಿ ಮಹಾಪೂಜೆಯ ಗದ್ದಲದ ಹೊತ್ತಿನಲ್ಲಿ ಅವರು ಎತ್ತುವವರೂ ಅಲ್ಲ. “ಮಹಾರಾಜಾ, ನಾನು ದೂರ ಅದೀನಿ. ನೀನು ಆಕಿ ಮುಂದೇ ಕುಂತೀದಿ. ನೀನೇ ಏಳು” ಎಂದೆ.

ಅಷ್ಟರಲ್ಲಿ ಅಲ್ಲಿ ಬಾಗಿಲ ಕಡೆಯಿಂದ ಕೇಳಿತು: “ಭವತಿ ಭಿಕ್ಷಾಂ ದೇಹಿ.”

ಗಾಣಗಾಪುರದಲ್ಲಿ ಹರಕೆ ಹೊತ್ತವರು ಮಧ್ಯಾಹ್ನ ಐದು ಮನೆ ಭಿಕ್ಷೆ ಬೇಡುತ್ತಾರೆ. ಅವರ ನಡುವೆ ಮಹಾರಾಜರೂ ಇರುತ್ತಾರೆಂದು ಅಕ್ಕ ಆ ಹೊತ್ತಿಗೆ ಬಾಗಿಲು ಹಾಕುವುದಿಲ್ಲ.

“ಒಳಗ ಬರ್ರಿ ಅಪ್ಪಾ, ನಮ್ಮಕ್ಕ ಬಿದ್ದಾಳ” ಎಂದು ಚೀರಿದೆ.

“ಯಾರ್ರೀ ಮಾತಾಡೋರು? ದೇವರ ಕಡಿಂದ ಕೇಳಾಕತ್ತೈತಿ.”

“ಫೋನಿನಾಗ ಅದೀನ್ರಿ. ಮೊದಲು ಆಕೀನ ನೋಡ್ರಿ.”

“ಕಣ್ಣು ಬಿಟ್ಟಾರ್ರೀ. ಭಾಳ ಬೆವತಾರ.”

“ಉಪವಾಸಕ್ಕ ಮೈಯಾಗಿನ ಸಕ್ಕರಿ ಇಳದೈತಿ. ಎಬ್ಬಿಸಿ ಕುಂಡ್ರಿಸಿ, ಬಾಯಾಗ ಸಕ್ಕರಿ ಹಾಕ್ರಿ. ದೇವರ ಮುಂದಿನ ಬಟ್ಟಲದಾಗ ಐತಿ.”

ಬಟ್ಟಲಿಗೆ ಚಾಚಿದ ಕೈ ಅಲ್ಲೇ ನಿಂತಿತು. “ನೈವೇದ್ಯ ಇನ್ನೂ ಆಗಿಲ್ಲಲ್ರಿ ತಾಯಿ?”

“ಈಗ ಆಗ್ತೈತಿ. ಹಾಕ್ರಿ.”

ಸಕ್ಕರೆ ಹಾಕಿ, ನಾನು ಗುರುತು ಹೇಳಿದ ಅಂಗಡಿಗೆ ಅವನೇ ಓಡಿಹೋಗಿ ಭಾವನವರನ್ನು ಕರೆತಂದ. ನಾನು ಸಿಕ್ಕ ಬಸ್ ಹಿಡಿದು, ಭಾವನವರು ಅವಳನ್ನು ಸೇರಿಸಿದ್ದ ಕಲಬುರಗಿಯ ಆಸ್ಪತ್ರೆ ಸಂಜೆ ಮುಟ್ಟಿದಾಗ ಅಕ್ಕ ಎದ್ದು ಕುಳಿತು ಗಂಜಿ ಕುಡಿಯುತ್ತಿದ್ದಳು. “ಡಬ್ಬಿ ಎಷ್ಟಕ್ಕ ಕೊಟ್ಟ?” ಎಂದು ಕೇಳಿದಳು. ನನಗೆ ಅಳು ಬಂತು.

ಡಾಕ್ಟರಮ್ಮ ಇಬ್ಬರನ್ನೂ ಬೈದರು. “ಗುಳಿಗಿ ನುಂಗಿ ಉಪವಾಸ ಇರು ಅಂತ ಯಾವ ದೇವರು ಹೇಳ್ಯಾನ್ರಿ?”

ಬಂದಿದ್ದವನು ಯಾದಗಿರಿ ಕಡೆಯ ಗೌಂಡಿ, ಗಾರೆ ಕೆಲಸ ಮಾಡುವುದು ನಮ್ಮ ಹೈದರಾಬಾದಿನಲ್ಲೇ ಎಂದು ಭಾವನವರು ಹೇಳಿದರು. ಅಕ್ಕನದು ಅಂದು ಅವನ ಐದನೆಯ ಮನೆಯಂತೆ. ಅವನ ಕೈಯಿಂದ ಉಣಿಸಿದವರು ಯಾರೆಂದು ನನಗೆ ಗೊತ್ತು.

ಗುರುವಾರದ ಆರತಿ ಈಗಲೂ ಕೂಡಿಯೇ ನಡೆಯುತ್ತದೆ. ಆದರೆ ಮೊದಲು ಅಕ್ಕ ನನ್ನ ಕಣ್ಣೆದುರು ಒಂದು ರೊಟ್ಟಿ ತಿನ್ನಬೇಕು. ಅದು ಮುಗಿದ ಮೇಲೆ ಅವಳು ಫೋನನ್ನು ದೇವರ ಕಡೆ ತಿರುಗಿಸುತ್ತಾಳೆ. ಮಾರಿ ತೋರಿಸೆಂದು ನಾನು ಈಗ ಕೇಳುವುದಿಲ್ಲ. ಮಹಾರಾಜರ ಪಾದದ ಹತ್ತಿರ, ಗಾಜಿನಲ್ಲಿ, ಅಕ್ಕ ಆರತಿ ಎತ್ತುವುದು ಕಾಣುತ್ತದೆ.