ಬದುವಿನ ಕೂಸಿನ ಮನೆತನ

ಕಲ್ಲೂರಿನ ಮಹಾಂತಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಅವಳನ್ನು ಗದ್ದೆಗೆ ಕರೆದೊಯ್ದು, ಬದುವಿನ ಬೇವಿನ ಬುಡದಲ್ಲಿದ್ದ ಸಣ್ಣ ಕಲ್ಲೊಂದನ್ನು ತೋರಿಸಿದ್ದಳು. "ಕೂಸಿಂದು. ಅಮಾಸಿಗೊಮ್ಮೆ ವಿಭೂತಿ ಹಚ್ಚು" ಎಂದಿದ್ದಳು. ತನ್ನ ಗಂಡನ ಬೆನ್ನಿಗೆ ಹುಟ್ಟಿ ತೀರಿಕೊಂಡ ಮಗುವಿರಬೇಕೆಂದು ಮಹಾಂತಮ್ಮ ತಿಳಿದಳು. ಮುಂದೆ ಅತ್ತೆ-ಮಾವ ತೀರಿಹೋದರು, ಗಂಡನೂ ಹೋದ. ವಿಭೂತಿ ತಪ್ಪಲಿಲ್ಲ.

ಈ ವರ್ಷ ಸೊಸೆ ಕಾವ್ಯಾ ಮಗಳಿಗೆ ಮನೆತನದ ಹಿರಿಯರ ಹೆಸರು ಹೇಳಿಕೊಡುತ್ತಿದ್ದವಳು ತಟ್ಟನೆ ಕೇಳಿದಳು: "ಅತ್ತಿ, ಆ ಕೂಸಿನ ಹೆಸರೇನ್ರೀ?"

ಮಹಾಂತಮ್ಮನಿಗೆ ಗೊತ್ತಿರಲಿಲ್ಲ. ಅದು ಹೆಣ್ಣೋ ಗಂಡೋ ಎಂಬುದೂ ಗೊತ್ತಿರಲಿಲ್ಲ.

ಊರಲ್ಲಿ ಹೆರಿಗೆ ಮಾಡಿಸುತ್ತಿದ್ದ ಮುದುಕಿ ಖಾಸಿಂ ಬೀ ಇನ್ನೂ ಇದ್ದಳು. ಮಹಾಂತಮ್ಮ ಹೋಗಿ ಕೇಳಿದಳು.

"ಅದು ನಿಮ್ಮ ಮನಿ ಕೂಸಲ್ಲವ್ವಾ. ದೇವದುರ್ಗದಿಂದ ನೆಲ್ಲು ನಾಟಿ ಹಚ್ಚಾಕ ಬಂದಿದ್ದ ಗದ್ದೆಮ್ಮ ಅನ್ನಾಕಿದು. ಜ್ವರ ಬಂದು ಕೂಸು ತೀರಿಕೊಂತು. ಪರವೂರ ಕೂಲಿಯವರು, ಎಲ್ಲಿ ಮಣ್ಣು ಮಾಡಬೇಕು? ನಿಮ್ಮತ್ತಿನೇ ಜಾಗ ಕೊಟ್ಟಳು. ನಿಮ್ಮ ಮಾವಗ ತಿಳಿದರ ಕಲ್ಲು ಕಿತ್ತಿಸ್ತಾನಂತ ಯಾರಿಗೂ ಹೇಳಬ್ಯಾಡ ಅಂದಿದ್ದಳು."

ಮಹಾಂತಮ್ಮ ಕಾವ್ಯಾಳನ್ನು ಕರೆದುಕೊಂಡು ಸಿರವಾರದಲ್ಲಿ ಬಸ್ ಬದಲಿಸಿ ದೇವದುರ್ಗಕ್ಕೆ ಹೋದಳು. ಓಣಿ ಓಣಿ ವಿಚಾರಿಸಿದಾಗ ಗದ್ದೆಮ್ಮ ಸಿಕ್ಕಳು. ಮನೆ ಮುಂದೆ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ಕಲ್ಲೂರಿನ ಹೆಸರು ಕೇಳಿದ್ದೇ ಎದ್ದು ನಿಂತಳು.

"ಕಲ್ಲು ತೆಗಿಯಾಕತ್ತೀರೇನ್ರೀ?"

"ಇಲ್ಲ ಯವ್ವಾ. ಆ ಕೂಸು ಯಾರಂತ ಕೇಳಾಕ ಬಂದೀನಿ."

ಗದ್ದೆಮ್ಮ ಮತ್ತೆ ಕೂತಳು. ಮೊರವನ್ನು ಬದಿಗಿಟ್ಟಳು.

"ಹೆಣ್ಣು. ತೊಟ್ಟಿಲಿಗೆ ಹಾಕಿರಲಿಲ್ಲ, ಹೆಸರಿಲ್ಲ. ಅವರಪ್ಪ ಹಂಪಣ್ಣ. ಅಜ್ಜ ಹಿರೇಕೊಟ್ನೆಕಲ್‌ನಾವ, ನಿಮ್ಮ ಹೊಲಕ್ಕ ನೀರು ಬರೋ ಕಾಲುವಿ ತೋಡಿದಾವ. ಅಜ್ಜಿ ಹಂಪಮ್ಮ. ಕೂಸಿನ ಹಣಿ ಅಕಿದಂಗ ಅಗಲ ಇತ್ತು." ಸೆರಗಿನಿಂದ ಮುಖ ಒರೆಸಿಕೊಂಡಳು. "ಇದನ್ನೆಲ್ಲ ಯಾರೂ ಕೇಳಿರಲಿಲ್ಲ ನೋಡ್ರಿ."

"ನಾ ವಿಭೂತಿ ಹಚ್ಚಾಕತ್ತೀನಿ. ನಿಮ್ಮ ಕಡಿ ಏನು ಹಚ್ಚತೀರಿ?"

"ಭಂಡಾರ, ಅರಿಷಿಣದ ಪುಡಿ. ಆದ್ರ ಇಷ್ಟು ವರ್ಷ ಹಚ್ಚೀರಿ, ಬಿಡಬ್ಯಾಡ್ರಿ."

ಮುಂದಿನ ಅಮಾವಾಸ್ಯೆಗೆ ಗದ್ದೆಮ್ಮ ಕಿರಿಮಗಳು ರಾಧಾಳೊಂದಿಗೆ ಬಂದಳು. ಬದುವಿನ ಮೇಲೆ ಕೂತು ಕಲ್ಲನ್ನು ಒಮ್ಮೆ ಮುಟ್ಟಿದಳು, ಅಳಲಿಲ್ಲ. ಆಮೇಲೆ ಮಹಾಂತಮ್ಮ ಇಬ್ಬರನ್ನೂ ಮನೆಗೆ ಕರೆದಳು. ಗದ್ದೆಮ್ಮ ಹೊಸ್ತಿಲ ಹೊರಗೇ ನಿಂತುಬಿಟ್ಟಳು.

"ಒಳಗ ಬರ್ರಿ," ಎಂದು ಮಹಾಂತಮ್ಮ ಕೈ ಹಿಡಿದಳು. ನಡುಮನೆಯಲ್ಲಿ ಎಲ್ಲರೂ ಒಟ್ಟಿಗೆ ರೊಟ್ಟಿ ಉಂಡರು.

ಆಮೇಲಿನ ಅಮಾವಾಸ್ಯೆಗೆ ತಾಯಿಗೆ ಮೊಣಕಾಲು ನೋವೆಂದು ರಾಧಾ ಒಬ್ಬಳೇ ಬಂದಳು. ಅಕ್ಕನ ಕಲ್ಲಿಗೆ ಭಂಡಾರ ಹಚ್ಚಿ, ಯಾರೂ ಕರೆಯುವ ಮುಂಚೆಯೇ ಮಹಾಂತಮ್ಮನ ಹೊಸ್ತಿಲು ದಾಟಿ ಒಳಗೆ ಹೋದಳು.