ಮೂರರಿಂದ ಒಂಬತ್ತರವರೆಗೆ

ಟೊಂಗಾದ ನೆಯಾಫು ಊರಿನ ಚರ್ಚ್ ಹೈಸ್ಕೂಲಿಗೆ ಸೆಮಿಸಿ ಫೋಟು ಸಂಗೀತದ ಮೇಷ್ಟ್ರಾಗಿ ಸೇರಿದಾಗ ಇನ್ನೂ ಚಿಗುರು ಮೀಸೆ. ಆಕ್ಲೆಂಡಿನಲ್ಲಿ ಓದಿ ಬಂದ ಸೊಕ್ಕು ಮಾತ್ರ ಪೂರ್ತಿ ಬಲಿತಿತ್ತು. ಅವನಿಗೇ ಬ್ಯಾಂಡು ಕಲಿಸಿದ್ದ ಪೌಲಾ ಮೇಷ್ಟ್ರು ಆಗ ನಿವೃತ್ತಿಯ ಅಂಚಿನಲ್ಲಿದ್ದರು. ಅವರ ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಸೀಮೆಸುಣ್ಣ. ಸ್ವರಗಳನ್ನು ಅವರು ಅಂಕಿಗಳಲ್ಲೇ ಬರೆಯುತ್ತಿದ್ದರು: ಮೊದಲ ಸ್ವರಕ್ಕೆ ಮೂರು, ಏಳನೆಯದಕ್ಕೆ ಒಂಬತ್ತು. ಊರವರೆಲ್ಲ ಚರ್ಚಿನ ಹಾಡು ಕಲಿತದ್ದು ಹಾಗೆಯೇ.

ಸೆಮಿಸಿ ಮೊದಲ ದಿನವೇ ಅವರ ಕಣ್ಣೆದುರು ಬೋರ್ಡು ಒರೆಸಿ ಪಾಶ್ಚಾತ್ಯ ಸ್ವರಲಿಪಿಯ ಐದು ಗೆರೆ ಎಳೆದ. "ಇನ್ಮೇಲೆ ಈ ಗೆಣಸು ಎಣಿಸೋ ಸಂಗೀತ ಬೇಡ," ಅಂದ. ಬೆತ್ತವನ್ನು ಕಿಟಕಿಯಾಚೆ ಎಸೆದ. ಪೌಲಾ ಹೊರಗೆ ಹೋಗಿ ಬೆತ್ತ ಹೆಕ್ಕಿಕೊಂಡರು. ಮನೆಯಲ್ಲಿ ಹಂದಿ ಅಟ್ಟುವುದಕ್ಕೆ ಬೇಕಿತ್ತು.

ಮಕ್ಕಳಿಗೆ ಬೆತ್ತ ತಪ್ಪಿತು, ಸೆಮಿಸಿಯ ನಾಲಿಗೆ ತಪ್ಪಲಿಲ್ಲ. ತಪ್ಪು ಊದಿದವರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಅಳು ಬರುವ ತನಕ ಒಬ್ಬರಿಂದಲೇ ಊದಿಸುತ್ತಿದ್ದ. ಹೊಡೆಯದ ಮೇಷ್ಟ್ರು ಎಂದು ಹೆಸರಾಯಿತು. ಐದು ಗೆರೆಯಂತೂ ಯಾರ ತಲೆಗೂ ಹತ್ತಲಿಲ್ಲ. ಚರ್ಚಿನ ಮಹಾಸಭೆ ಹತ್ತಿರ ಬಂದಾಗ ಸೆಮಿಸಿ ಬಾಗಿಲು ಹಾಕಿ, ಗೆರೆಗಳ ಕೆಳಗೆ ಸಣ್ಣದಾಗಿ ಅಂಕಿ ಬರೆದ. ಬ್ಯಾಂಡು ಗುಡುಗಿತು. ಅಲ್ಲಿಂದ ನಿವೃತ್ತಿಯವರೆಗೆ ಅದೇ ಸಂಸಾರ: ಇನ್‌ಸ್ಪೆಕ್ಟರು ಬಂದರೆ ಗೆರೆ, ಹೋದರೆ ಅಂಕಿ.

ಅವನ ಜಾಗಕ್ಕೆ ಬಂದವಳು ಅವನ ಶಿಷ್ಯೆ ಲೂಪೆ. ಅವಳೂ ಆಕ್ಲೆಂಡಿನ ಸರಕೇ. ಮಕ್ಕಳನ್ನು ಚಾಪೆಯ ಮೇಲೆ ಸುತ್ತ ಕೂರಿಸಿ, ಕಣ್ಣು ಮುಚ್ಚಿಸಿ, ಬಕೆಟ್ಟು ಬಡಿಸಿದಳು; ಅದನ್ನು ಫೋನಿನಲ್ಲಿ ಹಿಡಿದು ಮಕ್ಕಳ ಸ್ವಂತ ರಚನೆ ಅಂದಳು. ನೋಡಲು ಹೋದ ಸೆಮಿಸಿಗೆ, "ಮೇಷ್ಟ್ರೇ, ನಮ್ಮ ಕ್ಲಾಸಲ್ಲಿ ತಪ್ಪು ಸ್ವರ ಅನ್ನೋದೇ ಇಲ್ಲ," ಎಂದಳು.

"ಇಲ್ದೆ ಏನಮ್ಮ, ಗೇಟಿಂದಾನೇ ಕೇಳಿಸ್ತಾ ಇತ್ತಲ್ಲ."

ಶಾಲೆಯ ವಾರ್ಷಿಕೋತ್ಸವಕ್ಕೆ ಪಾದ್ರಿಗಳು ಬಕೆಟ್ಟು ಬೇಡ, ಬ್ಯಾಂಡೇ ಬೇಕು ಎಂದುಬಿಟ್ಟರು. ಲೂಪೆ ಸೆಮಿಸಿಯ ಮನೆಗೆ ಓಡಿ ಬಂದಳು. ಅವನು ಎರಡು ಸಲ ಕರೆಸಿಕೊಂಡೇ ಹೋದ. ಬೋರ್ಡಿನ ಮೇಲೆ ಅಂಕಿ ಬರೆದ. ಮಕ್ಕಳು ಇದೇನು ಫೋನ್ ನಂಬರಾ ಎಂದು ನಕ್ಕರು. ವಾರ ಕಳೆಯುವುದರೊಳಗೆ ಊದತೊಡಗಿದರು. ಒಂದು ಮಧ್ಯಾಹ್ನ ಅವನು ವರಾಂಡದಲ್ಲಿ ಕೂತಿದ್ದಾಗ, ತಪ್ಪಿದ ಹುಡುಗಿಯೊಬ್ಬಳನ್ನು ಲೂಪೆ ಗೋಡೆಗೆ ಮುಖ ಮಾಡಿ ನಿಲ್ಲಿಸುವುದು ಕಾಣಿಸಿತು. ಸೆಮಿಸಿಗೆ ಹೆಮ್ಮೆಯಾಯಿತು. ಸ್ವಲ್ಪ ಹೊತ್ತಾದ ಮೇಲೆ ಒಳಗಿಂದ ಹುಡುಗಿಯ ಅಳು ಕೇಳಿಸಿತು. ಎದ್ದು ಮನೆಗೆ ಹೋದ.

ವಾರ್ಷಿಕೋತ್ಸವದಲ್ಲಿ ಬ್ಯಾಂಡು ಎಲ್ಲರ ಮನ ಗೆದ್ದಿತು. ಮರುವರ್ಷ ಲೂಪೆ ರಾಜಧಾನಿಯಲ್ಲಿ ಶಿಕ್ಷಕರ ಸಭೆ ಸೇರಿಸಿ, ಅಂಕಿಗಳು ನಮ್ಮ ಪರಂಪರೆ, ಅವನ್ನು ಕಾಪಾಡಿದವರು ಇವರೇ ಎಂದು ಸೆಮಿಸಿಯ ಕೊರಳಿಗೆ ಹೂವಿನ ಹಾರ ಹಾಕಿದಳು. ಅವನು ತಲೆ ಬಗ್ಗಿಸಿ ಹಾಕಿಸಿಕೊಂಡ.

ಎಳೆಯ ಶಿಕ್ಷಕನೊಬ್ಬ ಎದ್ದು, "ಅಜ್ಜಾ, ಇಲ್ಲೀತನಕ ಇದನ್ನ ಯಾರೂ ಬೇಡ ಅನ್ನಲಿಲ್ವಾ?" ಎಂದು ಕೇಳಿದ.

"ಒಂದು ಪ್ರಾಣಿ ಅಂದಿತ್ತು," ಎಂದ ಸೆಮಿಸಿ. "ಆಕ್ಲೆಂಡಲ್ಲಿ ಓದಿ ಬಂದಿತ್ತು. ಶುದ್ಧ ಕತ್ತೆ."

ಸಭೆಯೆಲ್ಲ ಲೂಪೆಯ ಕಡೆ ತಿರುಗಿ ನಕ್ಕಿತು. ಅವಳ ಮುಖ ಕೆಂಪಾಯಿತು. ಊರಿಗೆ ವಾಪಸಾಗುವಾಗ ದೋಣಿಯಲ್ಲಿ ಅವಳು ಅವನಿಗೆ ಬೆನ್ನು ಹಾಕಿ ಕೂತಳು. ಆ ಕತ್ತೆ ತಾನೇ ಎಂದು ಸೆಮಿಸಿ ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ.